ವಿಮಾನದಲ್ಲಿ ಮೊಟ್ಟೆಯ ಬುಟ್ಟಿ

ಕಲ್ಕತ್ತೆಯಿಂದ ಬೆಂಗಳೂರಿಗೆ ಹೊರಟ ವಿಮಾನ ಮೋಡದೊಳಗೆ ಧಡಕ್ಕನೆ ಕುಸಿಯಿತು. ಕುಸಿತದ ಲೆಕ್ಕಕ್ಕೆ ಡೈರಿಯಲ್ಲಿ ಆರನೆಯ ಗೀಟು ಎಳೆದೆ. ಪಕ್ಕದಲ್ಲಿ ಸಾದಲಿಯ ದೊಡ್ಡಪ್ಪ ಕಣ್ಣು ಮುಚ್ಚಿ, ರೇಷ್ಮೆಹುಳುವಿನ ಮೊಟ್ಟೆಗಳಿದ್ದ ಬುಟ್ಟಿಯನ್ನು ತಬ್ಬಿ ಕುಳಿತಿದ್ದರು. ರೈಲಿನಲ್ಲಾದರೆ ದಾರಿಯಲ್ಲೇ ಮರಿಯಾಗಿಬಿಡುತ್ತವೆಂದು ವಿಮಾನ ಹತ್ತಿದ್ದೆವು.

ಆಗೆಲ್ಲ ವಿಮಾನದಲ್ಲಿ ಸೇದಬಹುದಿತ್ತು; ಮುಂದಿನ ಸೀಟಿನವರೊಬ್ಬರು ಹೆದರಿ ಸಿಗರೇಟು ಹಚ್ಚಿದರು. ನಮ್ಮ ಕಡೆ ಬೀಡಿ ಸೇದಿದವರನ್ನು ಹುಳು ಸಾಕುವ ಕೋಣೆಯೊಳಗೆ ಬಿಡುವುದಿಲ್ಲ. ದೊಡ್ಡಪ್ಪ ಬುಟ್ಟಿ ತಬ್ಬಿಕೊಂಡೇ ಎದ್ದು ನಿಂತರು.

“ಸ್ವಾಮಿ, ಅದನ್ನ ಆರ್ಸಿಬಿಡಿ. ಹೊಗೆ ತಾಕಿದ್ರೆ ಈ ಮೊಟ್ಟೆ ಉಳಿಯಲ್ಲ.”

“ವಿಮಾನ ಬಿದ್ರೆ ನಾವೇ ಉಳಿಯಲ್ಲ, ಯಜಮಾನ್ರೇ.”

“ಬೀಳ್ದೆ ಹೋದ್ರೆ ಏನ್ ಮಾಡಣ, ಹೇಳಿ?”

ಅವರು ಸಿಗರೇಟು ಆರಿಸಿದರು. ವಿಮಾನ ಮತ್ತೆ ಕುಸಿಯಿತು. ನಾನು ಡೈರಿ ಮುಚ್ಚಿ, ಎರಡೂ ಕೈಯಿಂದ ಬುಟ್ಟಿಯ ಇನ್ನೊಂದು ಅಂಚನ್ನು ಹಿಡಿದೆ.

ಆ ದಿನದ ಪುಟದಲ್ಲಿ ಇವತ್ತಿಗೂ ಆರೇ ಗೀಟುಗಳಿವೆ.