ಕಂಬಳಿಯೊಳಗೆ ಜಾರಿದ ರೀಲು

ಅಂಗಡಿ ಮಾವನ ಎಡಗಣ್ಣು ಬಲಗಣ್ಣಿಗಿಂತ ಸಣ್ಣದು. ವರ್ಷಗಟ್ಟಲೆ ಅದನ್ನು ಮುಚ್ಚಿ, ಬಲಗಣ್ಣನ್ನು ಕ್ಯಾಮೆರಾಕ್ಕೆ ಒತ್ತಿ ಒತ್ತಿ ಹಾಗಾಗಿತ್ತು. ಬಣಕಲ್‌ನಲ್ಲಿ ನಮ್ಮ ಪಕ್ಕದ ಮನೆಯವರು, ಜವಳಿ ವ್ಯಾಪಾರ. ಅಮ್ಮ ಅವರನ್ನು ಅಣ್ಣ ಎನ್ನುತ್ತಿದ್ದಳು, ಹಾಗಾಗಿ ನನಗೆ ಮಾವ, ಅವರ ಹೆಂಡತಿ ಅತ್ತೆ.

ಊರೆಲ್ಲ ಮೊಬೈಲಿನಲ್ಲಿ ವಿಡಿಯೊ ಮಾಡುವಾಗಲೂ ಅವರು ಕೀಲಿ ಕೊಟ್ಟು ಓಡಿಸುವ ಹಳೆಯ ಎಂಟು ಮಿಲಿಮೀಟರ್ ಸಿನಿಮಾ ಕ್ಯಾಮೆರಾ ಬಿಡಲಿಲ್ಲ. ಒಂದು ರೀಲೆಂದರೆ ನಾಲ್ಕೇ ನಿಮಿಷ. ಅರ್ಧ ತೆಗೆದು, ಬೆಳಕು ಸೋಕದಂತೆ ಮಗುಚಿ ಹಾಕಿದರೆ ಇನ್ನರ್ಧ. ಫಿಲ್ಮು ತೊಳೆಸಲು ಮುಂಬೈಗೆ ಕಳಿಸಿದ್ದು ವಾಪಸು ಬರುವವರೆಗೆ ಏನು ಬಿದ್ದಿದೆಯೋ ದೇವರಿಗೇ ಗೊತ್ತು. ಅಷ್ಟು ದಿನವೂ ಮಾವನ ಜೀವ ಕೊರಿಯರ್‌ನವನ ಬೈಕಿನ ಮೇಲೆ. ಗಿರಾಕಿ ಎರಡು ಮೀಟರ್ ಕೇಳಿದರೆ ಮೂರು ಹರಿಯುತ್ತಿದ್ದರು. "ಬಿದ್ದಿರುತ್ತಾ ಮಾರಾಯ್ತಿ?" ಎಂದು ನನ್ನನ್ನು ಕೇಳುವುದು ಬೇರೆ. ನನಗೇನು ಗೊತ್ತು!

ಅಮ್ಮನನ್ನು ಹೃದಯದ ಆಪರೇಷನ್ನಿಗೆಂದು ಮಂಗಳೂರಿಗೆ ಕರೆದೊಯ್ಯುವ ಹಿಂದಿನ ದಿನ ಮಾವ ಕ್ಯಾಮೆರಾ ಹಿಡಿದು ಬಂದರು. ಯಾಕೆಂದು ಎಲ್ಲರಿಗೂ ಗೊತ್ತಿತ್ತು. ನನಗಂತೂ ಅವರ ಮೇಲೆ ಸಿಟ್ಟೇ ಬಂತು. ಅಮ್ಮ ಕಣದಲ್ಲಿ ಕಾಫಿ ಹರವುತ್ತಿದ್ದಳು.

"ಈ ಕಡೆ ನೋಡ್ಬೇಡ ತಂಗಿ, ನಿನ್ ಪಾಡಿಗೆ ಕೆಲ್ಸ ಮಾಡು" ಎನ್ನುತ್ತ ಮಾವ ಅರ್ಧ ರೀಲು ತೆಗೆದರು. ಮಗುಚಲು ಕರಿ ಕಂಬಳಿಯೊಳಗೆ ಕೈ ಹಾಕಿದಾಗ ರೀಲು ಜಾರಿತು, ಕಂಬಳಿಯ ಅಂಚು ಎದ್ದಿತು. ಅವರು ತಡಕಾಡಿ ರೀಲನ್ನು ಮಗುಚಿ ಹಾಕಿ ಕ್ಯಾಮೆರಾ ಮುಚ್ಚಿದರು.

"ಬೆಳಕು ಹೊಕ್ತು. ಹಾಳು ಮಾಡ್ಬಿಟ್ಟೆ."

"ಹೋದ್ರೆ ಹೋಗ್ಲಿ ಬಿಡಿ ಅಣ್ಣ. ಇಲ್ಲಿ ಕೊಡಿ, ಇನ್ನರ್ಧದಲ್ಲಿ ನಿಮ್ಮನ್ನ ತೆಗಿತೀನಿ" ಎಂದು ಅಮ್ಮ ಕ್ಯಾಮೆರಾ ಕಸಿದುಕೊಂಡಳು.

ಆಸ್ಪತ್ರೆಯಲ್ಲಿದ್ದಷ್ಟು ದಿನವೂ ಮಾವನ ಫೋನು. "ಹೇಗಿದ್ದಾಳೆ?" ಎಂದು ಕೇಳಿ, "ಅವ್ಳಿಗೇನಾದ್ರೂ ಆದ್ರೆ ನಿಂಗೆ ಆ ರೀಲೂ ಇಲ್ವಲ್ಲೇ" ಎನ್ನುತ್ತಿದ್ದರು. ನಾನು ಫೋನಿಟ್ಟು ಅಮ್ಮನ ವಾರ್ಡಿಗೆ ಓಡುತ್ತಿದ್ದೆ.

ಅಮ್ಮ ಗುಣವಾಗಿ ಮನೆಗೆ ಬಂದಳು. ಮುಂಬೈಗೆ ಹೋದ ರೀಲಿನ ಸುದ್ದಿಯೇ ಇರಲಿಲ್ಲ. ಅದು ಬರುವ ಮೊದಲೇ, ಒಂದು ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುತ್ತ ಮಾವ ಕುಸಿದರು. ಮತ್ತೆ ಏಳಲಿಲ್ಲ.

ರೀಲು ಬಂದಾಗ ಅತ್ತೆ, ಅಮ್ಮ, ನಾನು ಅಂಗಡಿಯಲ್ಲೇ ಬಿಳಿ ಬಟ್ಟೆ ಕಟ್ಟಿ ಮಾವನ ಪ್ರೊಜೆಕ್ಟರಿಗೆ ಹಾಕಿದೆವು. ಕಣದಲ್ಲಿ ಅಮ್ಮ ಚೆನ್ನಾಗಿಯೇ ಬಿದ್ದಿದ್ದಳು. ಪಾಪ, ಅಷ್ಟೊಂದು ಹೆದರಬೇಕಾಗಿರಲಿಲ್ಲ. ಆಮೇಲೆ, ಬೆಳಕು ಹೊಕ್ಕ ಕಡೆ, ಬರೀ ಬಿಳುಪು. ಅತ್ತೆ ನನ್ನ ಕೈ ಹಿಡಿದುಕೊಂಡರು. ಬಿಳುಪು ಕರಗಿ ಮಾವ ಕಾಣಿಸಿದರು. ತಾವು ತೆಗೆದ ಯಾವ ರೀಲಿನಲ್ಲೂ ಇಲ್ಲದವರು ಇಲ್ಲಿ ಕೈ ಅಡ್ಡ ಹಿಡಿದು, ಆ ಸಣ್ಣ ಎಡಗಣ್ಣನ್ನೂ ಅಗಲಿಸಿಕೊಂಡು, ಗಾಬರಿಯಿಂದ ಏನೋ ಹೇಳುತ್ತಿದ್ದರು. ಆ ಕ್ಯಾಮೆರಾದಲ್ಲಿ ಧ್ವನಿ ಬೀಳುವುದಿಲ್ಲ.

"ಏನಂತಿದಾರೆ?" ಅತ್ತೆ ಕೇಳಿದರು.

ಅಮ್ಮ ಪರದೆಯಿಂದ ಕಣ್ಣು ತೆಗೆಯಲಿಲ್ಲ.

"'ನನ್ನನ್ಯಾಕೆ ತಂಗಿ, ರೀಲು ದಂಡ' ಅಂತಿದಾರೆ."