ಹೊಸ್ತಿಲಿಗೆ ಸುಣ್ಣ ಹಾಕಿದ ದಿನ

ಮೇಲಿನ ತಟ್ಟೆಗೆ ಸೊಪ್ಪು ಹಾಕಲು ನನ್ನ ಹೆಂಡತಿ ಸವಿತಾ ಕತ್ತೆತ್ತಿದಾಗ ಗಂಟಲ ಮೇಲೆ ಆ ಗಂಟು ಕಂಡಿತು. ನೆಲ್ಲಿಕಾಯಿ ಗಾತ್ರ. ನೋವಿಲ್ಲ ಬಿಡಿ ಅಂದಳು. ಬೈರಾಪಟ್ಟಣದ ನಮ್ಮ ಮನೆಯಲ್ಲಿ ರೇಷ್ಮೆ ಹುಳ ಬಿಡುವಿಲ್ಲದೆ ಸೊಪ್ಪು ತಿನ್ನುವ ಕೊನೆಯ ವಾರ ಅದು. ಗೂಡು ಮಾರಿದ ಮೇಲೆ ಆಸ್ಪತ್ರೆಗೆ ಹೋದೆವು. ಅಷ್ಟು ದಿನ ತಡಮಾಡಿದ್ದಕ್ಕೆ ಈಗಲೂ ನನಗೆ ನನ್ನ ಮೇಲೇ ಸಿಟ್ಟು.

ಥೈರಾಯ್ಡ್ ಕ್ಯಾನ್ಸರ್.

ಆಪರೇಷನ್ ಆಯಿತು. ಅಳಿದುಳಿದದ್ದಕ್ಕೆ ರೇಡಿಯೋಆಕ್ಟಿವ್ ಅಯೋಡಿನ್ ಕೊಡಬೇಕು ಎಂದ ಡಾಕ್ಟರ್, ಚೀಟಿಯ ಹಿಂದೆ ಒಂದು ಚುಕ್ಕಿ ಇಟ್ಟು ಸುತ್ತ ಗೆರೆ ಎಳೆದರು.

"ಇದು ಪರಮಾಣು. ನಡುವೆ ಪ್ರೋಟಾನ್, ನ್ಯೂಟ್ರಾನ್. ಸುತ್ತ ಎಲೆಕ್ಟ್ರಾನ್. ಉಪ್ಪಿನಲ್ಲಿರೋ ಅಯೋಡಿನ್‌ಗೂ ಇದಕ್ಕೂ ಪ್ರೋಟಾನ್ ಐವತ್ತಮೂರೇ. ಇದರಲ್ಲಿ ನ್ಯೂಟ್ರಾನ್ ನಾಲ್ಕು ಜಾಸ್ತಿ, ಅಷ್ಟೇ. ಥೈರಾಯ್ಡ್‌ಗೆ ಆ ವ್ಯತ್ಯಾಸ ಗೊತ್ತಾಗಲ್ಲ. ತನ್ನ ಅಯೋಡಿನ್ನೇ ಅಂತ ಒಳಗೆ ಎಳ್ಕೊಳ್ಳುತ್ತೆ. ಇದು ಅಲ್ಲಿ ಕಿರಣ ಬಿಟ್ಟು ರೋಗದ ಕೋಶನ ಕೊಲ್ಲುತ್ತೆ."

ಇಂಥವಕ್ಕೆ ಐಸೋಟೋಪ್ ಅನ್ನುತ್ತಾರಂತೆ. ಎಲ್ಲ ಅರೆದು ಕುಡಿದವನಂತೆ ತಲೆಯಾಡಿಸಿದೆ. ಅವಳ ಮೈಯಿಂದ ಸ್ವಲ್ಪ ದಿನ ಕಿರಣ ಬರುತ್ತದೆ, ಎರಡು ವಾರ ಮಗುವನ್ನು ಹತ್ತಿರ ಬಿಡಬೇಡಿ ಎಂದದ್ದು ಮಾತ್ರ ತಲೆಯಲ್ಲಿ ಉಳಿಯಿತು. ಏನು ಹಾಕಿದರೆ ಆ ಕಿರಣ ಸಾಯುತ್ತದೆ ಎಂದು ಕೇಳಲು ನಾಚಿಕೆಯಾಯಿತು.

ಆಸ್ಪತ್ರೆಯ ಒಂಟಿ ಕೋಣೆಯಲ್ಲಿ ಮೂರು ದಿನ ಇದ್ದು ಬಂದಳು. ಮನೆಯಲ್ಲೂ ಬೇರೆ ಕೋಣೆ. ನಾಲ್ಕು ವರ್ಷದ ನಮ್ಮ ಚಿನ್ನಿ ನಮ್ಮವ್ವನ ಹತ್ತಿರ. ಮಾರನೆ ಬೆಳಿಗ್ಗೆ ಸುಣ್ಣಕ್ಕೆ ಬ್ಲೀಚಿಂಗ್ ಪೌಡರ್ ಬೆರೆಸಿ, ರೋಗ ಹರಡದಿರಲೆಂದು ಹುಳದ ಮನೆಗೆ ಹಾಕುವಂತೆಯೇ, ಸವಿತಾಳ ಹೊಸ್ತಿಲಿಗೆ ದಪ್ಪಗೆ ಉದುರಿಸಿದೆ. ಮಗುವಿಗೆ ಏನೂ ತಾಗಬಾರದು, ನನಗಿದ್ದ ಯೋಚನೆ ಅಷ್ಟೇ.

ಅವಳು ಬಾಗಿಲು ತೆರೆದಳು. ಕೆಳಗೆ ನೋಡಿದಳು.

"ರೋಗದ ಹುಳ ಆಯ್ದು ಸುಣ್ಣಕ್ಕೆ ಹಾಕೋಳು ನಾನು. ಈಗ ನಂಗೇ ಹಾಕ್ಬುಟ್ರಾ?"

ಬಾಗಿಲು ಮುಚ್ಚಿತು.

ಡಾಕ್ಟರಿಗೆ ಫೋನ್ ಮಾಡಿದೆ. ಪುಣ್ಯಾತ್ಮರು ನಗಲಿಲ್ಲ. "ಸುಣ್ಣಕ್ಕೆ ಸಾಯೋಕೆ ಅದು ಕ್ರಿಮಿ ಅಲ್ಲಪ್ಪ. ಆ ಪರಮಾಣುಗಳು ತಾವಾಗಿಯೇ ಬದಲಾಗಿ ಹೋಗ್ತವೆ. ಎಂಟು ದಿನಕ್ಕೆ ಅರ್ಧ, ಮತ್ತೆಂಟು ದಿನಕ್ಕೆ ಉಳಿದಿದ್ದರಲ್ಲಿ ಅರ್ಧ. ಮೂತ್ರದಲ್ಲೂ ಹೋಗುತ್ತೆ. ನೀವು ದೂರ ಕೂತ್ಕೊಂಡು ಮಾತಾಡಿಸಿ, ಏನೂ ಆಗಲ್ಲ."

ಸುಣ್ಣ ಗುಡಿಸಿದೆ. ನೀರು ಹಾಕಿ ಒರೆಸಿದೆ. ಅಂಗಳದಲ್ಲಿ ಅವಳ ಕಿಟಕಿಗೆ ಎದುರಾಗಿ, ನಾಲ್ಕು ಮಾರು ದೂರ ಸ್ಟೂಲು ಹಾಕಿ ದಿನಾ ಕೂತೆ. ತಪ್ಪಾಯ್ತು ಅಂದೆ. ಮೂರು ದಿನ ಅವಳು ಕಿಟಕಿ ತೆರೆಯಲಿಲ್ಲ. ನಾಲ್ಕನೇ ದಿನ ತೆರೆದು, "ಒಸಿ ಚಿನ್ನಿನ ಕರ್ಕಬನ್ನಿ, ದೂರದಿಂದ್ಲೇ ನೋಡ್ತೀನಿ" ಅಂದಳು. ಚಿನ್ನಿ ನನ್ನ ತೊಡೆಯ ಮೇಲೆ ಕೂತು ಕೈ ಬೀಸಿದಳು. ಸವಿತಾ ಕಿಟಕಿಯ ಸರಳು ಹಿಡಿದು ಅತ್ತಳು. ನಾನೂ ಅತ್ತೆ.

ಎರಡು ವಾರ ಕಳೆಯಿತು. ಅಂದು ಸ್ನಾನ ಮಾಡಿ ಹೊರಗೆ ಬಂದವಳು ಜಗಲಿಯ ಮೂಲೆ ಹಿಡಿದು ಕೂತಳು.

"ಇನ್ನೊಂದ್ಸಲ ಡಾಕ್ಟ್ರನ್ನ ಕೇಳಿ. ಮಗೀಗೆ ಏನಾರ ತಾಗ್ಬುಟ್ರೆ?"

ಆ ಹೆದರಿಕೆಯನ್ನು ಅವಳೊಳಗೆ ಬಿತ್ತಿದವನು ನಾನೇ. ಫೋನ್ ಮಾಡಿದೆ. ಧಾರಾಳವಾಗಿ ಎತ್ತಿಕೊಳ್ಳಲಿ ಎಂದರು. ಸ್ಪೀಕರ್ ಹಾಕಿ ಅವಳಿಗೂ ಕೇಳಿಸಿದೆ. ಆದರೂ ಅವಳು ಕದಲಲಿಲ್ಲ. ನಾನೇ ಹೋಗಿ ಅವಳ ಭುಜಕ್ಕೆ ಭುಜ ತಾಗಿಸಿ ಕೂತೆ. ಬಾ ಚಿನ್ನಿ ಅಂದೆ.

ಮಗಳು ಓಡಿ ಬಂದು ಅವಳ ಮಡಿಲಿಗೆ ಬಿದ್ದಳು. ಸವಿತಾಳ ಎರಡೂ ಕೈ ಸ್ವಲ್ಪ ಹೊತ್ತು ಮೇಲೆಯೇ ಇದ್ದವು. ಆಮೇಲೆ ಮೆಲ್ಲಗೆ ಮಗುವಿನ ಬೆನ್ನಿಗೆ ಇಳಿದವು.

ರೋಗ ಪೂರ್ತಿ ಹೋಯಿತೇ ಎಂದು ನೋಡುವ ಸ್ಕ್ಯಾನ್ ಇನ್ನೂ ಬಾಕಿ ಇದೆ. ಏನು ಬರುತ್ತದೋ ಗೊತ್ತಿಲ್ಲ. ಆ ಕೈ ಇಳಿದದ್ದನ್ನು ನೋಡಿದ್ದೇನೆ, ಇನ್ನು ಡಾಕ್ಟರ್ ಏನೇ ಹೇಳಿದರೂ ಕೇಳಲು ಧೈರ್ಯ ಬಂದಿದೆ.