ರುಖವತದ ಬರಣಿಗಳು

ಮದುವೆಯಾಗಿ ಮುಂಬಯಿ ಹತ್ತಿರದ ಡೊಂಬಿವಲಿಗೆ ಬಂದ ಮರುದಿನ, ಗುರುತಿಲ್ಲದ ಹೆಂಗಸೊಬ್ಬರು ನೇರ ಅಡಿಗೆಮನೆಗೆ ಬಂದು ಒಲೆಯ ಮೇಲಿನ ಪಾತ್ರೆಯ ಮುಚ್ಚಳ ತೆಗೆದು ನೋಡಿದರು. “ಕಾಯ್ ಭಾಜೀ ಕೇಲೀಸ್?” ಏನು ಪಲ್ಯ ಮಾಡಿದಿ ಅಂತ ಕೇಳಿದ್ದೆಂದು ಆಮೇಲೆ ತಿಳಿಯಿತು. ಗದಗಿನಲ್ಲಿ ಸ್ವಂತ ಅತ್ತಿಗೆಯೂ ಹೊಸ್ತಿಲಾಚೆ ನಿಂತು ಕರೆಯುತ್ತಿದ್ದಳು. ಇಲ್ಲಿ ಸಾಲುಮನೆಗಳ ಚಾಳಿನಲ್ಲಿ ಹಗಲು ಬಾಗಿಲು ಹಾಕಿದರೆ ಆ ಮನೆಯಲ್ಲಿ ಯಾರಿಗೋ ಜಡ್ಡು ಎಂದೇ ಅರ್ಥ. ಹಾಗೆ ಬಂದವರು ಪಕ್ಕದ ಮನೆಯ ಕುಸುಮಕಾಕು; ಕಾಕು ಎಂದರೆ ಚಿಕ್ಕಮ್ಮ.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಇವರು ರಬಾಳೆಯ ಫ್ಯಾಕ್ಟರಿಗೆ ಹೋದರೆ ಸಂಜೆತನಕ ನನ್ನೊಡನೆ ಕನ್ನಡ ಮಾತಾಡುವವರಿರಲಿಲ್ಲ. ಕಸೂತಿ ಹಾಕುತ್ತ ಕೂಡುತ್ತಿದ್ದೆ. ಅದನ್ನು ನೋಡಿದ್ದ ಕಾಕು ಒಂದು ದಿನ ಡಬ್ಬಿ ತಂದಿಟ್ಟರು. ಜರ್ಮನಿಯಲ್ಲಿದ್ದ ಅವರ ತಮ್ಮ ಕಳಿಸಿದ ಪಾಲಿಮರ್ ಕ್ಲೇ; ಮುಟ್ಟಿದರೆ ಅರಲಿನಂಥ ಹಸಿಮಣ್ಣು, ಆದರೆ ಪ್ಲಾಸ್ಟಿಕ್ ಜಾತಿ. ಓವನ್ನಿನಲ್ಲಿ ಬೇಯಿಸಿದರೆ ಮಾತ್ರ ಗಟ್ಟಿ. ಕಾಕುವಿನ ಮಗಳು ಮೇಧಾಳ ಮದುವೆ ಇನ್ನೊಂದು ತಿಂಗಳಿಗಿತ್ತು. ಹೆಣ್ಣಿನ ಕಡೆಯವರು ಕೈಯಾರೆ ಮಾಡಿದ ವಸ್ತುಗಳನ್ನು ಮಂಟಪದಲ್ಲಿ ಜೋಡಿಸಿಡುವುದಕ್ಕೆ ರುಖವತ ಅನ್ನುತ್ತಾರೆ. ಅದಕ್ಕೆ ಎರಡು ಗಾಜಿನ ಬರಣಿಗಳನ್ನು ಸಿಂಗರಿಸಿಕೊಡಬೇಕಿತ್ತು. ಹರಕುಮುರುಕು ಮರಾಠಿಯಲ್ಲೇ ಒಪ್ಪಿಕೊಂಡೆ.

ಮಣ್ಣನ್ನು ಮೆತ್ತಗಾಗುವತನಕ ನಾದಿ ಬರಣಿಗಳಿಗೆ ಬಳ್ಳಿ, ಎಲೆ, ಹೂ ಅಂಟಿಸಿದೆ. ಕಾಕುವಿನ ಕರೆಂಟಿನ ದುಂಡು ಓವನ್ನಿನಲ್ಲಿ ನಾನಖಟಾಯಿ ಬಿಸ್ಕೀಟು ಬೇಯಿಸಿದಂತೆ ಬೇಯಿಸಿದೆ. ಎಲೆಗಳು ಕಪ್ಪಾದವು. ಕಣ್ಣು ಉರಿಯುವ ಹೊಗೆಗೆ ಇಡೀ ಮಾಳಿಗೆಯವರು ಕೆಮ್ಮುತ್ತ ಹೊರಬಂದರು. ಹೊಸದಾಗಿ ಅಂಟಿಸಿ, ಹೆದರಿ ಎರಡನೆಯ ಸಲ ಬೇಗ ತೆಗೆದೆ. ಮರುದಿನ ಮುಟ್ಟಿದರೆ ಎಸಳುಗಳು ಪುಡಿಪುಡಿ.

“ರಾಹೂ ದೇ, ಮುಲೀ,” ಇರಲಿ ಬಿಡು ಮಗಳೇ ಎಂದರು ಕಾಕು.

ಬಿಡಲು ಮನಸ್ಸಾಗಲಿಲ್ಲ. ಡಬ್ಬಿಯ ಜರ್ಮನ್ ಬರಹದಲ್ಲಿ ನಾನು ಓದಬಲ್ಲದ್ದು ಎರಡೇ ಅಂಕಿ: ನೂರಾಮೂವತ್ತು, ಮೂವತ್ತು. ಮೊದಲನೆಯದು ಬಿಸಿಯೆಷ್ಟು, ಎರಡನೆಯದು ಹೊತ್ತೆಷ್ಟು ಎಂದು ಹೊಳೆಯಿತು!

ಸಂಜೆ ಇವರಿಗೆ, “ನಿಮ್ಮ ಫ್ಯಾಕ್ಟರಿ ಲ್ಯಾಬಿನಾಗಿಂದ ಒಂದು ಥರ್ಮಾಮೀಟರ್ ಕೇಳಿ ತರ್ರಿ,” ಅಂದೆ.

“ಯಾಕ, ಜ್ವರ ಬಂದಾವೇನು?”

“ನನಗಲ್ಲ, ಓವನ್ನಿಗೆ.”

ಡಬ್ಬಿಯ ಬಣ್ಣದ ಮಣ್ಣಿನಲ್ಲಿ ನೀಲಿ, ಬಿಳಿ ಮಾತ್ರ ಉಳಿದಿದ್ದವು. ನನ್ನ ಸೀರೆಯ ಸೆರಗಿನ ಕಸೂತಿ ನವಿಲುಗಳನ್ನೇ ಎರಡೂ ಬರಣಿಗಳ ಮೇಲೆ ಕೂಡಿಸಿದೆ. ಕಿಟಕಿ ತೆರೆದು, ಓವನ್ನಿನ ಮುಚ್ಚಳದ ತೂತಿನಿಂದ ಥರ್ಮಾಮೀಟರ್ ಇಳಿಬಿಟ್ಟೆ. ಪಾದರಸ ನೂರಾಮೂವತ್ತು ದಾಟಿದರೆ ಕಾಕು ಸ್ವಿಚ್ ಆರಿಸುವರು, ಇಳಿದರೆ ಹಾಕುವರು. ಹೀಗೆ ಅರ್ಧ ತಾಸು. ಗಾಜು ಸೀಳದಿರಲೆಂದು ಒಳಗೇ ಆರಲು ಬಿಟ್ಟೆವು. ಸಂಜೆ ಉಗುರಿನಿಂದ ಒತ್ತಿ ನೋಡಿದೆ. ನವಿಲು ಅಲುಗಲಿಲ್ಲ. ಕಾಕು ನನ್ನನ್ನು ತಬ್ಬಿಕೊಂಡರು.

ಮದುವೆಯ ದಿನ ಗಂಡಿನ ಕಡೆಯ ಅಜ್ಜಿಯೊಬ್ಬರು ಬರಣಿ ತಿರುಗಿಸಿ ನೋಡಿ, “ತುಮ್ಹೀ ಕುಠಲ್ಯಾ?” ನೀವು ಎಲ್ಲಿಯವರು ಎಂದು ಕೇಳಿದರು.

“ಡೊಂಬಿವಲೀಚೀ,” ಡೊಂಬಿವಲಿಯವಳು ಅಂದುಬಿಟ್ಟೆ. ಅಂದ ಮೇಲೆ ಗದಗನ್ನು ಬಿಟ್ಟುಕೊಟ್ಟೆನೇನೋ ಅನ್ನಿಸಿತು.

ಮರುದಿನ ಅವ್ವನಿಗೆ ಕಾಗದ ಬರೆದೆ. ಎಲ್ಲವನ್ನೂ ಹೇಳಿ, ಕೊನೆಗೆ ಊರಿಗೆ ಹೊರಡುವ ಸುದ್ದಿ ಸೇರಿಸಿದೆ. ಮಡಚುವ ಮುಂಚೆ ಓದಿದರೆ ಹೀಗಿತ್ತು: “ಬರೂ ತಿಂಗಳು ನಮ್ಮ ಮನಿಯಿಂದ ನಮ್ಮ ಮನಿಗೆ ಬರತೇನಿ.” ಯಾವ ‘ನಮ್ಮ’ವನ್ನು ಹೊಡೆದುಹಾಕಬೇಕೆಂದು ತಿಳಿಯಲಿಲ್ಲ. ಹಾಗೇ ಅಂಟಿಸಿ ಅಂಚೆ ಡಬ್ಬಿಗೆ ಹಾಕಿದೆ.